ಗಾಯಗೊಂಡು ದುಡಿಮೆ ನಿಂತಾಗ ದೇಹದ ತೂಕವನ್ನು ಇಳಿಸುವ ಬಗೆ

ದುಡಿದು ಉಣ್ಣುವ ಗ್ರಾಮೀಣ ಜನತೆಗೆ ದೇಹವೇ ಬಂಡವಾಳ. ಆ ದೇಹಕ್ಕೆ ಪೆಟ್ಟು ಬೀಳುವ ಸಂದರ್ಭಗಳು ನಮ್ಮ ಹಳ್ಳಿಗಳಲ್ಲಿ ಅನೇಕ. ಗದ್ದೆಯ ಬದುವಿನಲ್ಲಿ ಕಾಲು ಜಾರುವುದು, ಮರ ಹತ್ತಿದಾಗ ಹಿಡಿತ ತಪ್ಪುವುದು, ಮೋಟಾರು ಸೈಕಲ್ಲಿನಿಂದ ಉರುಳುವುದು, ತುಂಬಿದ ಕೊಡವನ್ನು ಹೊತ್ತು ಬರುವಾಗ ಪಾದ ಹೊರಳುವುದು, ಭಾರದ ಮೂಟೆಯನ್ನು ಎತ್ತುವಾಗ ಸೊಂಟ ಹಿಡಿದುಕೊಳ್ಳುವುದು ಮುಂತಾದವು ನಿತ್ಯವೂ ನಡೆಯುತ್ತಲೇ ಇರುತ್ತವೆ. ಇಂತಹ ಅವಘಡಗಳಿಗೆ ಗುರಿಯಾದವರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಮನೆಯಲ್ಲಿ ಕುಳಿತಿರಬೇಕಾಗುತ್ತದೆ. ಮೊಳಕಾಲಿನ ಕೆಳಗಿನ ದೊಡ್ಡ ಮೂಳೆ ಮುರಿದರೆ ಅದು ಗಟ್ಟಿಯಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು ಬೇಕು.

ಈ ವಿಶ್ರಾಂತಿಯ ಕಾಲದಲ್ಲಿ ಯಾರ ಗಮನಕ್ಕೂ ಬಾರದೆ ನಡೆಯುವ ಬದಲಾವಣೆಯೊಂದುಂಟು. ಮೂಳೆ ಕೂಡುವ ಹೊತ್ತಿಗೆ ಸೊಂಟದ ಸುತ್ತಳತೆ ಹೆಚ್ಚಿರುತ್ತದೆ, ಉಡುದಾರ ಬಿಗಿಯಾಗಿರುತ್ತದೆ, ರವಿಕೆ ತೋಳಿಗೆ ಕಚ್ಚುತ್ತಿರುತ್ತದೆ. "ನಡೆಯಲೇ ಆಗದಿರುವಾಗ ತೂಕ ಇಳಿಸುವುದಾದರೂ ಹೇಗೆ, ಡಾಕ್ಟ್ರೇ?" ಎಂಬುದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಾವು ವೈದ್ಯರು ಮೇಲಿಂದ ಮೇಲೆ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ಸರಳವಾಗಿದೆ. ತೂಕ ಇಳಿಸುವ ಕಾರ್ಯದ ಬಹುಪಾಲು ನಡೆಯುವುದು ಕಾಲಿನಿಂದಲ್ಲ, ಊಟದ ತಟ್ಟೆಯಿಂದ. ಆದುದರಿಂದ ಕಾಲಿಗೆ ಕಟ್ಟು ಬಿದ್ದವರೂ ತೂಕವನ್ನು ಹತೋಟಿಯಲ್ಲಿಡಬಹುದು. ಆದರೆ ತಟ್ಟೆಯಲ್ಲಿ ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ಸರಿಯಾಗಿ ತಿಳಿದಿರಬೇಕು. ಇಲ್ಲವಾದರೆ ತೂಕ ಇಳಿಸುವ ಆತುರದಲ್ಲಿ ಮೂಳೆ ಕೂಡುವುದಕ್ಕೇ ವಿಘ್ನ ಬಂದೀತು.

ತೂಕ ಏರುವುದೇಕೆ?

ನಾವು ಸೇವಿಸುವ ಆಹಾರವು ದೇಹದಲ್ಲಿ ಶಕ್ತಿಯಾಗಿ ಮಾರ್ಪಡುತ್ತದೆ. ಈ ಶಕ್ತಿಯನ್ನು ಕ್ಯಾಲೊರಿ ಎಂಬ ಅಳತೆಯಿಂದ ಲೆಕ್ಕ ಹಾಕುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 65 ಕೆ.ಜಿ. ತೂಕದ ಗಂಡಸು ಕಠಿಣ ದುಡಿಮೆ ಮಾಡುತ್ತಿದ್ದರೆ ಆತನಿಗೆ ದಿನಕ್ಕೆ 3470 ಕ್ಯಾಲೊರಿ ಬೇಕು. ಅದೇ ಗಂಡಸು ಕುಳಿತೇ ಕಾಲ ಕಳೆಯುವುದಾದರೆ 2110 ಕ್ಯಾಲೊರಿ ಸಾಕು. 55 ಕೆ.ಜಿ. ತೂಕದ ಹೆಂಗಸಿಗೆ ಈ ಪ್ರಮಾಣಗಳು ಕ್ರಮವಾಗಿ 2720 ಮತ್ತು 1660.

ಈ ಅಂಕಿಗಳನ್ನು ನಮ್ಮ ಅಡುಗೆಮನೆಯ ಲೆಕ್ಕಕ್ಕೆ ತಂದು ನೋಡೋಣ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಹಾಗಾದರೆ ನೇಗಿಲು, ಗುದ್ದಲಿ ಹಿಡಿದು ದುಡಿಯುತ್ತಿದ್ದ ಗಂಡಸು ಕಾಲು ಮುರಿದು ಕುಳಿತ ದಿನದಿಂದ ಆತನ ದೇಹಕ್ಕೆ ಹೆಚ್ಚುಕಡಮೆ ನಾಲ್ಕು ಮುದ್ದೆಯಷ್ಟು ಆಹಾರ ಬೇಡವಾಗುತ್ತದೆ. ಹೆಂಗಸಿಗಾದರೆ ಮೂರು ಮುದ್ದೆಯಷ್ಟು. ಆದರೆ ಹಸಿವು ಹಳೆಯ ಅಭ್ಯಾಸವನ್ನು ಅಷ್ಟು ಬೇಗ ಬಿಡುವುದಿಲ್ಲ, ಬಡಿಸುವ ಸೌಟೂ ಬಿಡುವುದಿಲ್ಲ. ಬೇಡವಾದ ಆ ಆಹಾರದ ಒಂದು ಭಾಗ ಪ್ರತಿದಿನವೂ ಹೊಟ್ಟೆ ಸೇರಿ ಕೊಬ್ಬಾಗಿ ಶೇಖರವಾಗುತ್ತದೆ.

ಒಂದು ಕೆ.ಜಿ. ಕೊಬ್ಬು ಸುಮಾರು 7700 ಕ್ಯಾಲೊರಿಗೆ ಸಮ. ದಿನಕ್ಕೆ 500 ಕ್ಯಾಲೊರಿ ಹೆಚ್ಚಾಗಿ ಸೇವಿಸಿದರೆ ಮೂರು ತಿಂಗಳಲ್ಲಿ ಸರಿಸುಮಾರು 5ರಿಂದ 6 ಕೆ.ಜಿ. ತೂಕ ಕೂಡಿಕೊಳ್ಳುತ್ತದೆ. ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಸ್ವಲ್ಪ ವ್ಯತ್ಯಾಸವಿದ್ದೀತು. ದಾರಿ ಮಾತ್ರ ಇದೇ.

ಇದರ ಜೊತೆಗೆ ನಮ್ಮ ಆದರದ ಪದ್ಧತಿಗಳೂ ಸೇರುತ್ತವೆ. ನೋಡಲು ಬಂದ ನೆಂಟರು ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು ತರುತ್ತಾರೆ. "ಮೂಳೆ ಕೂಡಲಿ" ಎಂದು ಮನೆಯವರು ತುಪ್ಪ ಸುರಿಯುತ್ತಾರೆ, ಕಾಲು ಸೂಪು ಕಾಯಿಸುತ್ತಾರೆ. ಮೂಳೆಯನ್ನು ಬೇಯಿಸಿದ ನೀರಿಗೆ ಇಳಿಯುವ ಸುಣ್ಣದಂಶ ಅತ್ಯಲ್ಪ. ಮೇಲೆ ತೇಲುವ ಜಿಡ್ಡು ಮಾತ್ರ ಧಾರಾಳ. ಬೇಸರ ಕಳೆಯಲು ಆಗಾಗ ಕಾಫಿ, ಟೀ, ಖಾರ ಇವೂ ಬರುತ್ತವೆ. ಹೀಗೆ ದುಡಿಮೆ ಇಳಿದ ಕಾಲದಲ್ಲಿಯೇ ಆಹಾರ ಏರುತ್ತದೆ.

ಏರಿದ ತೂಕದಿಂದ ಆಗುವ ಹಾನಿ

ನಡೆಯುವಾಗ ಮಂಡಿಯ ಮೇಲೆ ಬೀಳುವ ಹೊರೆ ದೇಹದ ತೂಕಕ್ಕಿಂತ ಹಲವು ಪಟ್ಟು ಹೆಚ್ಚು. ಸ್ಥೂಲ ದೇಹದ, ಮಂಡಿ ಸವೆದ ವೃದ್ಧರ ಮೇಲೆ ನಡೆಸಿದ ಪರೀಕ್ಷೆಯೊಂದರಲ್ಲಿ, ದೇಹದ ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಹೊರೆ ಸುಮಾರು 4 ಕೆ.ಜಿ. ಇಳಿಯುವುದು ಕಂಡುಬಂದಿದೆ. ಏರಿದ ತೂಕಕ್ಕೂ ಇದೇ ಲೆಕ್ಕವನ್ನು ಅನ್ವಯಿಸಿದರೆ, 5 ಕೆ.ಜಿ. ಕೂಡಿಸಿಕೊಂಡು ಮೊದಲ ಹೆಜ್ಜೆ ಇಡುವವರು ತಮ್ಮ ದುರ್ಬಲವಾದ ಮಂಡಿಯ ಮೇಲೆ ಸುಮಾರು 20 ಕೆ.ಜಿ.ಯ ಹೆಚ್ಚಿನ ಹೊರೆಯನ್ನು ಹೇರಿದಂತಾಗುತ್ತದೆ. ಇದರಿಂದ ನೋವು ಹೆಚ್ಚುತ್ತದೆ. ನೋವಿಗೆ ಹೆದರಿ ನಡೆಯುವುದನ್ನು ಬಿಡುತ್ತಾರೆ. ನಡೆಯದೆ ಇದ್ದುದರಿಂದ ತೂಕ ಮತ್ತಷ್ಟು ಏರುತ್ತದೆ. ಗಾಣದ ಎತ್ತಿನಂತೆ ಈ ಸುತ್ತು ಮುಗಿಯುವುದೇ ಇಲ್ಲ.

ಅಲ್ಲದೆ ಸೊಂಟದ ಸುತ್ತ ಕೊಬ್ಬು ಬೆಳೆದಂತೆ ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡದ ಭಯವೂ ಬೆಳೆಯುತ್ತದೆ. ಗಾಯವೇನೋ ಆರು ತಿಂಗಳಲ್ಲಿ ಗುಣವಾಗಬಹುದು. ಸಕ್ಕರೆ ಕಾಯಿಲೆ ಬಂದರೆ ಅದು ಬಹುಕಾಲ ಜೊತೆಗಿರುತ್ತದೆ. ದಿನಗೂಲಿಯನ್ನೇ ನಂಬಿದ ಕುಟುಂಬಕ್ಕೆ ಇದರಿಂದಾಗುವ ನಷ್ಟವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ತೂಕ ಹೆಚ್ಚಾಗಿದೆಯೆಂದು ತಿಳಿಯುವುದು ಹೇಗೆ?

ಎತ್ತರಕ್ಕೆ ತಕ್ಕ ತೂಕವಿರಬೇಕು. 150 ಸೆಂ.ಮೀ. ಎತ್ತರದವರು ಸುಮಾರು 52 ಕೆ.ಜಿ.ಯನ್ನೂ, 160 ಸೆಂ.ಮೀ. ಎತ್ತರದವರು ಸುಮಾರು 59 ಕೆ.ಜಿ.ಯನ್ನೂ, 165 ಸೆಂ.ಮೀ. ಎತ್ತರದವರು ಸುಮಾರು 63 ಕೆ.ಜಿ.ಯನ್ನೂ ಮೀರದಿರುವುದು ಒಳ್ಳೆಯದು.

ಆದರೆ ಕಾಲಿಗೆ ಪ್ಲಾಸ್ಟರ್ ಕಟ್ಟು ಇರುವವರ ನಿಜವಾದ ತೂಕವನ್ನು ತಕ್ಕಡಿ ಹೇಳಲಾರದು. ಇನ್ನೊಂದು ವಿಷಯವೂ ಇದೆ. ಚಲನೆಯಿಲ್ಲದ ಕಾಲಿನ ಮಾಂಸಖಂಡಗಳು ಕೆಲವೇ ವಾರಗಳಲ್ಲಿ ಸೊರಗುತ್ತವೆ. ಮಾಂಸಖಂಡ ಕರಗಿ ಕೊಬ್ಬು ಬೆಳೆದರೆ ತಕ್ಕಡಿಯ ಮುಳ್ಳು ಇದ್ದಲ್ಲೇ ಇದ್ದರೂ ದೇಹಕ್ಕೆ ಹಾನಿಯಾಗಿರುತ್ತದೆ. ಇಂತಹವರು ಸೊಂಟದ ಸುತ್ತಳತೆಯನ್ನು ನೋಡಿಕೊಳ್ಳಬೇಕು. ಉಸಿರು ಬಿಟ್ಟ ಮೇಲೆ ಹೊಕ್ಕುಳಿನ ಮಟ್ಟದಲ್ಲಿ ಒಂದು ದಾರವನ್ನು ಸುತ್ತಿ, ಅದನ್ನು ದರ್ಜಿಯ ಟೇಪಿನ ಮೇಲಿಟ್ಟು ಅಳೆದರೆ ಸಾಕು. ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಅದೇ ದಾರಕ್ಕೆ ಗಂಟು ಹಾಕಿಟ್ಟು ಹದಿನೈದು ದಿನಗಳಿಗೊಮ್ಮೆ ಸುತ್ತಿ ನೋಡಿದರೆ ಏರಿತೋ ಇಳಿಯಿತೋ ತಿಳಿಯುತ್ತದೆ.

ತೂಕ ಸರಿಯಾಗಿಯೇ ಇರುವವರು ಅದು ಏರದಂತೆ ನೋಡಿಕೊಂಡರೆ ಸಾಕು. ಮೊದಲೇ ಬಡಕಲಾಗಿರುವವರು ತೂಕ ಇಳಿಸುವ ಮಾತನ್ನೇ ಆಡಕೂಡದು. ಅವರಿಗೆ ಪುಷ್ಟಿಕರ ಆಹಾರ ಅವಶ್ಯಕ.

ಯಾವುದನ್ನು ಕಡಿಮೆ ಮಾಡಬೇಕು?

1. ಸಕ್ಕರೆ ಮತ್ತು ಬೆಲ್ಲ: ಎರಡು ಚಮಚ ಸಕ್ಕರೆ ಹಾಕಿದ ಟೀಯನ್ನು ದಿನಕ್ಕೆ ಐದು ಬಾರಿ ಕುಡಿದರೆ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ ಸೇರುತ್ತದೆ. ಟೀ, ಕಾಫಿಯನ್ನು ಎರಡು ಬಾರಿಗೆ ಇಳಿಸಿ, ಅರ್ಧ ಚಮಚ ಸಕ್ಕರೆ ಸಾಕೆನ್ನಿ. ಬೆಲ್ಲವೂ ಸಕ್ಕರೆಯಷ್ಟೇ ತೂಕ ಏರಿಸುತ್ತದೆ. ಬಾಟಲಿಯ ತಂಪು ಪಾನೀಯಗಳನ್ನು ಸಂಪೂರ್ಣವಾಗಿ ವರ್ಜಿಸಿ.

2. ಎಣ್ಣೆ ಮತ್ತು ಜಿಡ್ಡು: ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇದೆ. ಇದು ಅಕ್ಕಿ, ರಾಗಿಯಲ್ಲಿ ಇರುವುದರ ಎರಡು ಪಟ್ಟಿಗಿಂತಲೂ ಹೆಚ್ಚು. ತಲಾ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನಂತೆ ಎಣ್ಣೆಯನ್ನು ಅಳೆದಿಟ್ಟುಕೊಳ್ಳಿ. ನಾಲ್ವರ ಸಂಸಾರಕ್ಕೆ ಎರಡು ಲೀಟರು. ಒಗ್ಗರಣೆಗೆ ಡಬ್ಬದಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕಿ.

3. ಕರಿದ ತಿಂಡಿ: 100 ಗ್ರಾಂ ಖಾರ ಅಥವಾ ಮಿಕ್ಸ್ಚರಿನಲ್ಲಿ ಸುಮಾರು 500 ಕ್ಯಾಲೊರಿ ಇರುತ್ತದೆ. ಸಂಜೆಯ ಹೊತ್ತು ಬೋಂಡ, ಬಜ್ಜಿಗೆ ಬದಲಾಗಿ ಬೇಯಿಸಿದ ಕಾಳಿನ ಉಸಲಿ, ಸೌತೆಕಾಯಿ, ಸೀಬೆಹಣ್ಣು ತಿನ್ನಿ. ಕಡಲೆಕಾಯಿ ಒಳ್ಳೆಯ ಆಹಾರವಾದರೂ ಒಂದು ಹಿಡಿಗೆ ನಿಲ್ಲಿಸಬೇಕು.

4. ಮುದ್ದೆ, ಅನ್ನ, ರೊಟ್ಟಿ: ಇವುಗಳನ್ನು ಬಿಡಬೇಕಾಗಿಲ್ಲ, ಅಳತೆಯನ್ನು ಇಳಿಸಬೇಕು. ಎರಡು ಮುದ್ದೆ ಉಣ್ಣುತ್ತಿದ್ದವರು ಒಂದಕ್ಕೆ ಬರಲಿ. ಮೂರು ಜೋಳದ ರೊಟ್ಟಿ ತಿನ್ನುತ್ತಿದ್ದವರು ಒಂದೂವರೆಗೆ ಬರಲಿ. ಮುದ್ದೆಯ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವ ರೂಢಿಯಿದ್ದಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಲಿ.

5. ಮದ್ಯ: 180 ಮಿಲಿ ಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ 400ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಜೊತೆಗೆ ನೆಂಚಿಕೊಳ್ಳುವ ಕರಿದ ಪದಾರ್ಥದ ಲೆಕ್ಕ ಬೇರೆ. ಮದ್ಯವೂ ಬೀಡಿ, ಸಿಗರೇಟಿನ ಹೊಗೆಯೂ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತವೆ. ಗಾಯದ ಕಾಲವು ಇವೆರಡನ್ನೂ ತ್ಯಜಿಸಲು ಸುಸಮಯ.

ಯಾವುದನ್ನು ಕಡಿಮೆ ಮಾಡಬಾರದು?

ಮುರಿದ ಮೂಳೆ, ಹರಿದ ರಜ್ಜು ಮತ್ತು ಗಾಯದ ಚರ್ಮ ಇವೆಲ್ಲ ಪುನಃ ಕಟ್ಟಿಕೊಳ್ಳಲು ಸಸಾರಜನಕ ಬೇಕು. ಜನರು ಪ್ರೋಟೀನು ಎಂದು ಕರೆಯುವುದು ಇದನ್ನೇ. ಗಾಯದಿಂದ ಚೇತರಿಸಿಕೊಳ್ಳುವವರಿಗೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಸಸಾರಜನಕ ದೊರೆಯುವುದು ಒಳ್ಳೆಯದು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ತೊಗರಿಬೇಳೆಯಲ್ಲಿ ಸುಮಾರು 7 ಗ್ರಾಂ ಸಸಾರಜನಕವಿದೆ. ಹೆಸರುಕಾಳು, ಹುರುಳಿ, ಅವರೆ, ಅಲಸಂದೆ, ಕಡಲೆಕಾಳುಗಳೂ ಬೇಳೆಗೆ ಸಮಾನ. ಆದುದರಿಂದ ಮುದ್ದೆ ಅರ್ಧವಾದರೂ ಬೇಳೆ, ಕಾಳಿನ ಸಾರು ಅರ್ಧವಾಗಬಾರದು. ಅದು ಮೊದಲಿಗಿಂತ ಗಟ್ಟಿಯಾಗಿರಬೇಕು.

ಸುಣ್ಣದಂಶಕ್ಕೆ ರಾಗಿ ಬಹಳ ಉತ್ತಮ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಹಾಲು, ಮೊಸರು, ಮಜ್ಜಿಗೆ, ನುಗ್ಗೆಸೊಪ್ಪು, ಹರಿವೆಸೊಪ್ಪುಗಳೂ ಉಪಯುಕ್ತ. ಕರಾವಳಿಯವರು ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳಲ್ಲಿಯೂ ಇದು ಹೇರಳ. ತಿಂದ ಸುಣ್ಣದಂಶ ದೇಹಕ್ಕೆ ಹತ್ತಲು ಡಿ ಜೀವಸತ್ವ ಬೇಕು. ಆದುದರಿಂದ ರೋಗಿಯನ್ನು ಒಳಕೋಣೆಯ ಕತ್ತಲಿನಲ್ಲಿ ಮಲಗಿಸಿಡದೆ, ಪ್ರತಿದಿನವೂ ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕೈಕಾಲುಗಳಿಗೆ ಬಿಸಿಲು ತಾಗುವಂತೆ ಕೂರಿಸಬೇಕು.

ಮೂಳೆ ಮುರಿದ ಅಥವಾ ಶಸ್ತ್ರಚಿಕಿತ್ಸೆಯಾದ ಮೊದಲ ಆರು ವಾರಗಳಲ್ಲಿ ತೂಕ ಇಳಿಸಲು ಹೊರಡಬೇಡಿ. ಏರದಂತೆ ತಡೆಯಿರಿ, ಅಷ್ಟು ಸಾಕು. ಅನಂತರ ವೈದ್ಯರ ಒಪ್ಪಿಗೆ ಪಡೆದು ವಾರಕ್ಕೆ ಅರ್ಧ ಕೆ.ಜಿ.ಯಂತೆ, ಅಂದರೆ ತಿಂಗಳಿಗೆ 2 ಕೆ.ಜಿ. ಮೀರದಂತೆ ಇಳಿಸಿ. ಅವಸರದಲ್ಲಿ ಇಳಿದ ತೂಕದಲ್ಲಿ ಕೊಬ್ಬಿನ ಜೊತೆಗೆ ಮಾಂಸಖಂಡವೂ ಹೋಗಿರುತ್ತದೆ.

ಒಂದು ದಿನದ ಊಟದ ಮಾದರಿ

ಕುಳಿತೇ ಇರುವ ಗಂಡಸು ತೂಕ ಇಳಿಸಬೇಕಾದಲ್ಲಿ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಬೆಳಿಗ್ಗೆ: ಅರ್ಧ ಚಮಚ ಸಕ್ಕರೆಯ ಒಂದು ಲೋಟ ಟೀ. ಎರಡು ಇಡ್ಲಿ ಸಾಂಬಾರಿನೊಡನೆ, ಅಥವಾ ಒಂದು ರೊಟ್ಟಿ ಪಲ್ಯದೊಡನೆ. ಒಂದು ಬೇಯಿಸಿದ ಮೊಟ್ಟೆ.

ಮಧ್ಯಾಹ್ನ: 100 ಗ್ರಾಂ ಹಿಟ್ಟಿನ ಒಂದು ಮುದ್ದೆ, ಗಟ್ಟಿಯಾದ ಬೇಳೆ ಸೊಪ್ಪಿನ ಸಾರು, ತರಕಾರಿ ಪಲ್ಯ, ಒಂದು ಲೋಟ ನೀರು ಮಜ್ಜಿಗೆ.

ಸಂಜೆ: ಒಂದು ಲೋಟ ಟೀ, ಒಂದು ಬಟ್ಟಲು ಕಾಳಿನ ಉಸಲಿ.

ರಾತ್ರಿ: ಒಂದು ಬಟ್ಟಲು ಅನ್ನ ಅಥವಾ ಒಂದು ಸಣ್ಣ ಮುದ್ದೆ, ಕಾಳಿನ ಸಾರು, ಪಲ್ಯ, ಸಕ್ಕರೆ ಹಾಕದ ಒಂದು ಲೋಟ ಹಾಲು.

ಇದರಿಂದ ಸುಮಾರು 1600ರಿಂದ 1800 ಕ್ಯಾಲೊರಿ ದೊರೆಯುತ್ತದೆ. ಹೆಂಗಸರು ಮುದ್ದೆ, ಅನ್ನ, ರೊಟ್ಟಿಗಳ ಅಳತೆಯನ್ನು ಇನ್ನೂ ಮೂರನೆಯ ಒಂದು ಭಾಗ ತಗ್ಗಿಸಿಕೊಂಡು, ಉಳಿದವುಗಳನ್ನು ಹಾಗೆಯೇ ಇಟ್ಟುಕೊಳ್ಳಲಿ. ಮೊಟ್ಟೆ ತಿನ್ನದವರು ಅದರ ಬದಲಿಗೆ ಕಾಳು ಅಥವಾ ಮೊಸರನ್ನು ಹೆಚ್ಚಿಸಿಕೊಳ್ಳಬಹುದು. ಅಳತೆಯ ಗೊಡವೆ ಬೇಡವೆನ್ನುವವರು ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು: ತಟ್ಟೆಯ ಅರ್ಧಭಾಗ ಸೊಪ್ಪು ತರಕಾರಿ, ಕಾಲುಭಾಗ ಬೇಳೆ, ಕಾಳು ಅಥವಾ ಮೊಟ್ಟೆ, ಇನ್ನುಳಿದ ಕಾಲುಭಾಗ ಮಾತ್ರ ಮುದ್ದೆ ಅಥವಾ ಅನ್ನ.

ಮೊದಲ ಹತ್ತು ಹನ್ನೆರಡು ದಿನ ಹಸಿವು ಕಾಡುವುದು ಸಹಜ. ಆಗ ಊಟಕ್ಕೆ ಮುನ್ನ ಒಂದು ಬಟ್ಟಲು ತಿಳಿಸಾರು ಕುಡಿಯಿರಿ, ನಿಧಾನವಾಗಿ ಅಗಿದು ತಿನ್ನಿರಿ. ಟಿ.ವಿ. ಅಥವಾ ಮೊಬೈಲ್ ನೋಡುತ್ತಾ ಉಂಡರೆ ಎಷ್ಟು ತಿಂದೆವೆಂಬುದೇ ತಿಳಿಯುವುದಿಲ್ಲ.

ಕುಳಿತಲ್ಲಿಯೇ ಮಾಡಬಹುದಾದ ವ್ಯಾಯಾಮ

ಅರ್ಧ ಗಂಟೆ ನಡೆದರೆ ಖರ್ಚಾಗುವ ಶಕ್ತಿ ಸುಮಾರು 120 ಕ್ಯಾಲೊರಿ. ಎರಡು ಬೋಂಡ ತಿಂದರೆ ಅದಕ್ಕಿಂತ ಹೆಚ್ಚು ಮರಳಿ ಬರುತ್ತದೆ. ಹೀಗಿರುವಲ್ಲಿ ನಡೆಯಲಾಗಲಿಲ್ಲವೆಂದು ಕೊರಗಬೇಕಾಗಿಲ್ಲ. ಆದರೆ ಮಾಂಸಖಂಡಗಳು ಸೊರಗದಿರಲು, ಕೀಲುಗಳು ಬಿಗಿಯದಿರಲು ಮತ್ತು ಮನಸ್ಸು ಕುಗ್ಗದಿರಲು ಚಲನೆ ಬೇಕೇ ಬೇಕು. ಯಾವ ಭಾಗವನ್ನು ಅಲುಗಿಸಬಹುದು, ಯಾವುದನ್ನು ಅಲುಗಿಸಬಾರದು ಎಂಬುದನ್ನು ಚಿಕಿತ್ಸೆ ನೀಡಿದ ವೈದ್ಯರಿಂದ ಅಥವಾ ಫಿಸಿಯೋಥೆರಪಿಸ್ಟರಿಂದ ತಿಳಿದುಕೊಂಡು ಹೀಗೆ ಮಾಡಬಹುದು.

1. ಪೆಟ್ಟಾದ ಕಾಲಿನ ಬೆರಳುಗಳನ್ನೂ, ಅನುಮತಿಯಿದ್ದರೆ ಪಾದವನ್ನೂ, ಗಂಟೆಗೊಮ್ಮೆ ಹತ್ತು ಬಾರಿ ಮೇಲಕ್ಕೂ ಕೆಳಕ್ಕೂ ಆಡಿಸುವುದು. ಇದರಿಂದ ರಕ್ತ ಸಂಚಾರ ಸರಾಗವಾಗುತ್ತದೆ.

2. ಕಾಲು ಚಾಚಿ ಕುಳಿತು ಮಂಡಿಯನ್ನು ಚಾಪೆಗೆ ಒತ್ತುವಂತೆ ತೊಡೆಯನ್ನು ಬಿಗಿಹಿಡಿದು, ಐದು ಎಣಿಸಿ ಸಡಿಲ ಬಿಡುವುದು. ಹತ್ತು ಬಾರಿಯಂತೆ ದಿನಕ್ಕೆ ಮೂರು ಸಲ.

3. ಕುರ್ಚಿಯಲ್ಲಿ ಕುಳಿತು ಒಂದು ಲೀಟರಿನ ನೀರು ತುಂಬಿದ ಬಾಟಲಿಯನ್ನು ಎರಡೂ ಕೈಗಳಲ್ಲಿ ಹಿಡಿದು ಭುಜದಿಂದ ಮೇಲಕ್ಕೆ ಎತ್ತಿ ಇಳಿಸುವುದು. ಒಂದು ಲೀಟರು ನೀರೆಂದರೆ ಒಂದು ಕೆ.ಜಿ. ಭಾರ.

4. ಗಾಯವಿಲ್ಲದ ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸಿ ಇಳಿಸುವುದು.

5. ಕೈಗೆ ಪೆಟ್ಟಾಗಿ ಕಾಲು ಸರಿಯಿರುವವರು ಕೈಯನ್ನು ಜೋಳಿಗೆಯಲ್ಲಿಟ್ಟುಕೊಂಡು ಬೆಳಿಗ್ಗೆ ಸಂಜೆ ನಡೆಯುವುದು.

ಕುಳಿತು ಮಾಡುವ ಮನೆಗೆಲಸಗಳೂ ಉಪಯುಕ್ತ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಕಾಳು ಆರಿಸುವುದು, ತರಕಾರಿ ಹೆಚ್ಚುವುದು ಮುಂತಾದವನ್ನು ಗಂಡಸರೂ ಸಂಕೋಚವಿಲ್ಲದೆ ಮಾಡಬಹುದು. ಮಂಡಿಗೆ ಪೆಟ್ಟಾದವರು ಕುಕ್ಕರಗಾಲಿನಲ್ಲಿ ಕೂರುವುದನ್ನೂ ಚಕ್ಕಳಮಕ್ಕಳ ಹಾಕುವುದನ್ನೂ ವೈದ್ಯರು ಒಪ್ಪುವವರೆಗೆ ಬಿಡಬೇಕು.

ಪತಿ ಪತ್ನಿಯರ ಹೊಣೆ

ನಮ್ಮ ಸಮಾಜದಲ್ಲಿ ಬಡಿಸುವುದು ಪ್ರೀತಿಯ ಗುರುತು. ದುಡಿಮೆಯಿಲ್ಲದೆ ಕುಳಿತ ಗಂಡನ ತಟ್ಟೆಗೆ ಹೆಂಡತಿ ಒಂದು ಮುದ್ದೆ ಕಡಿಮೆ ಹಾಕಿದರೆ "ಸಂಪಾದನೆ ನಿಂತಿತೆಂದು ಅನ್ನವನ್ನೂ ಕಡಿಮೆ ಮಾಡಿದಳು" ಎಂದು ಆತ ನೊಂದುಕೊಳ್ಳಬಹುದು. ಕಾಲು ಮುರಿದು ಮಲಗಿದ ಸೊಸೆಯ ಊಟವನ್ನು ಅಳೆದರೆ ಅದು ಹಂಗಿಸಿದಂತೆ ಕಾಣಬಹುದು. ಆದುದರಿಂದ ಊಟ ಬದಲಿಸುವ ಮುನ್ನ ದಂಪತಿಗಳಿಬ್ಬರೂ ಒಟ್ಟಿಗೆ ಕುಳಿತು ಮಾತನಾಡಿ ನಿರ್ಧರಿಸಬೇಕು. ಸಾಧ್ಯವಾದರೆ ಇಬ್ಬರೂ ಕೂಡಿಯೇ ಆರೋಗ್ಯ ಕೇಂದ್ರಕ್ಕೆ ಬಂದು ವೈದ್ಯರ ಮಾತನ್ನು ಕೇಳಬೇಕು. ಮನೆಯ ಹಿರಿಯರಿಗೂ ವಿಷಯ ತಿಳಿಸಬೇಕು. ಆಗ ಕಡಿಮೆ ಬಡಿಸುವುದು ಔಷಧಿಯೆನಿಸುತ್ತದೆ, ಅವಮಾನವೆನಿಸುವುದಿಲ್ಲ.

ರೋಗಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂದು ಮಾಡಬೇಕಾಗಿಲ್ಲ. ಎಣ್ಣೆ ಕಡಿಮೆ, ಸೊಪ್ಪು ಕಾಳು ಹೆಚ್ಚು ಇರುವ ಅಡುಗೆ ಎಲ್ಲರಿಗೂ ಹಿತ. ಆದರೆ ಹೊಲದಲ್ಲಿ ದುಡಿಯುವವರೂ ಬೆಳೆಯುವ ಮಕ್ಕಳೂ ಮುದ್ದೆ ಅನ್ನಗಳನ್ನು ಬೇಕಾದಷ್ಟು ಉಣ್ಣಲಿ. ಗಂಡ ಮಲಗಿದಾಗ ಹೊಲ, ಮನೆ ಎರಡನ್ನೂ ಹೊತ್ತ ಹೆಂಡತಿ ಉಳಿದದ್ದನ್ನು ಉಂಡು ಸೊರಗಬಾರದು. ಹೆಂಡತಿಗೆ ಪೆಟ್ಟಾದಾಗ ನೀರು ತರುವ, ಅಡುಗೆ ಮಾಡುವ ಕೆಲಸವನ್ನು ಗಂಡ ವಹಿಸಿಕೊಳ್ಳಬೇಕು. ನೋವಿನಲ್ಲಿಯೇ ಆಕೆ ಎದ್ದು ಓಡಾಡುವಂತಾದರೆ ಗಾಯ ಗುಣವಾಗುವುದು ತಡವಾಗುತ್ತದೆ. ದಪ್ಪಗಾದೆಯೆಂದು ಪರಸ್ಪರ ಹಾಸ್ಯ ಮಾಡುವುದು ಸಲ್ಲದು. ಹಾಸ್ಯದಿಂದ ಯಾರ ತೂಕವೂ ಇಳಿಯುವುದಿಲ್ಲ.

ಕುಟುಂಬ ಯೋಜನಾ ವಿಧಾನಗಳು ಮತ್ತು ತೂಕ

ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಿಂದ ದೇಹ ಸ್ಥೂಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಇದು ಸರಿಯಲ್ಲ. ಈ ಶಸ್ತ್ರಚಿಕಿತ್ಸೆಯಲ್ಲಿ ನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಗಂಡಸರ ಶಸ್ತ್ರಚಿಕಿತ್ಸೆಯಿಂದ ದುಡಿಯುವ ಶಕ್ತಿಯೂ ಕುಂದುವುದಿಲ್ಲ.

ಆದರೆ ಇನ್ನೊಂದು ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕು. ಮಾಲಾ-ಎನ್‌ನಂತಹ ಗರ್ಭನಿರೋಧಕ ಮಾತ್ರೆ ಸೇವಿಸುವ ಹೆಂಗಸರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸ್ವಲ್ಪ ಹೆಚ್ಚು. ಕಾಲು ಅಲುಗಾಡದೆ ಬಹುಕಾಲ ಇದ್ದರೂ ರಕ್ತ ಹೆಪ್ಪುಗಟ್ಟಬಹುದು. ಎರಡೂ ಕೂಡಿದರೆ ಅಪಾಯ ಹೆಚ್ಚುತ್ತದೆ. ಆದುದರಿಂದ ಕಾಲಿಗೆ ಕಟ್ಟು ಬಿದ್ದ ಅಥವಾ ಶಸ್ತ್ರಚಿಕಿತ್ಸೆಯಾಗಲಿರುವ ಹೆಂಗಸರು ತಾವು ಮಾತ್ರೆ ನುಂಗುತ್ತಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ವೈದ್ಯರು ವಂಕಿ, ನಿರೋಧ್ ಮುಂತಾದ ಬೇರೆ ವಿಧಾನವನ್ನು ಸೂಚಿಸುತ್ತಾರೆ. ಗರ್ಭಿಣಿಯರು ತೂಕ ಇಳಿಸುವ ಪ್ರಯತ್ನ ಮಾಡಕೂಡದು. ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ಎಚ್ಚರಿಕೆಯ ಮಾತುಗಳು

1. ಮೀನಖಂಡ ಇಲ್ಲವೆ ತೊಡೆ ಇದ್ದಕ್ಕಿದ್ದಂತೆ ಊದಿಕೊಂಡು ನೋಯತೊಡಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆ ಕಾಲನ್ನು ತಿಕ್ಕಬಾರದು. ಉಸಿರುಕಟ್ಟಿದರೆ ಅಥವಾ ಎದೆನೋವು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

2. ಕಟ್ಟಿನ ಕೆಳಗಿನ ಬೆರಳುಗಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ತಣ್ಣಗಾದರೆ ಕಟ್ಟು ಬಿಗಿಯಾಗಿದೆಯೆಂದು ಅರ್ಥ. ಯಾವ ಕಟ್ಟೇ ಆಗಲಿ, ತಕ್ಷಣವೇ ಆಸ್ಪತ್ರೆಯಲ್ಲಿ ತೋರಿಸಿ.

3. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರು ಊಟ ಇಳಿಸುವ ಮೊದಲು ವೈದ್ಯರನ್ನು ಕಾಣಬೇಕು. ಔಷಧಿ ಹಾಗೆಯೇ ಇದ್ದು ಊಟ ಮಾತ್ರ ಇಳಿದರೆ ಬೆವರು, ನಡುಕ, ತಲೆಸುತ್ತು ಬಂದು ಪ್ರಜ್ಞೆ ತಪ್ಪಬಹುದು.

4. ನೋವಿಗೆಂದು ಹೆಸರು ತಿಳಿಯದ ಪುಡಿ, ಮಾತ್ರೆ, ಚುಚ್ಚುಮದ್ದುಗಳನ್ನು ಪಡೆಯಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಬೇಗ ಶಮನವಾದರೂ ಮುಖ ಊದಿ, ಹೊಟ್ಟೆ ಬೆಳೆದು, ಮೂಳೆ ಟೊಳ್ಳಾಗುತ್ತದೆ. ಬಹುದಿನಗಳಿಂದ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ. ವೈದ್ಯರಿಗೆ ತೋರಿಸಿ ಕ್ರಮವಾಗಿ ಬಿಡಬೇಕು.

ಕೆಲವು ಸಂದೇಹಗಳು

ಒಪ್ಪೊತ್ತು ಊಟ ಬಿಟ್ಟರೆ ಬೇಗ ಇಳಿಯುವುದಿಲ್ಲವೇ?
ಗಾಯ ಮಾಯುವ ಕಾಲದಲ್ಲಿ ಇದು ತರವಲ್ಲ. ಹಸಿದವರು ಮುಂದಿನ ಊಟದಲ್ಲಿ ಎರಡರಷ್ಟು ಉಣ್ಣುವುದೇ ಹೆಚ್ಚು. ಮೂರು ಹೊತ್ತೂ ಅಳತೆಯಾಗಿ ಉಣ್ಣಿ.

ಅನ್ನ ಬಿಟ್ಟು ಚಪಾತಿ ತಿಂದರೆ ತೂಕ ಇಳಿಯುವುದೇ?
ತೂಕಕ್ಕೆ ತೂಕ ನೋಡಿದರೆ ಅಕ್ಕಿ, ಗೋಧಿ, ರಾಗಿ, ಜೋಳಗಳಲ್ಲಿ ಕ್ಯಾಲೊರಿಯ ಪ್ರಮಾಣ ಹೆಚ್ಚುಕಡಮೆ ಒಂದೇ. ರಾಗಿ, ಜೋಳಗಳಲ್ಲಿ ನಾರಿನಂಶ ಹೆಚ್ಚಿರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ. ಇಳಿಯಬೇಕಾದುದು ಅಳತೆ. ಚಪಾತಿಗೆ ಎಣ್ಣೆ ಸವರಿದರೆ ಲೆಕ್ಕ ಇನ್ನೂ ಏರುತ್ತದೆ.

ಬಿಸಿನೀರಿಗೆ ಜೇನು, ನಿಂಬೆರಸ ಹಾಕಿ ಕುಡಿದರೆ ಕೊಬ್ಬು ಕರಗುವುದೇ?
ಕರಗುವುದಿಲ್ಲ. ಜೇನೂ ಒಂದು ಬಗೆಯ ಸಕ್ಕರೆಯೇ. ಜಾಹೀರಾತಿನ ಪುಡಿ ಮತ್ತು ಹೊಟ್ಟೆಪಟ್ಟಿಗಳಿಗೆ ಹಣ ಸುರಿಯುವ ಬದಲು ಅದರಲ್ಲಿ ಮೊಟ್ಟೆ, ಕಾಳು ಕೊಳ್ಳಿ.

ಮತ್ತೆ ಕೆಲಸಕ್ಕೆ ಹೋದರೆ ತೂಕ ತಾನಾಗಿಯೇ ಇಳಿಯುವುದಲ್ಲವೇ?
ಕೆಲವರಲ್ಲಿ ಸ್ವಲ್ಪ ಇಳಿದೀತು. ಆದರೆ ಹೆಚ್ಚಿದ ಭಾರದೊಡನೆ ಕೆಲಸಕ್ಕೆ ಹೋದರೆ ಅದೇ ಮಂಡಿ, ಅದೇ ಸೊಂಟ ಮತ್ತೆ ನೋಯುತ್ತದೆ. ಹಗುರಾಗಿ ಎದ್ದವರು ಬೇಗ ದುಡಿಮೆಗೆ ಮರಳುತ್ತಾರೆ.

ಕಡೆಯ ಮಾತು

ಗಾಯ ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ. ಆದರೆ ಗಾಯದ ಜೊತೆಯಲ್ಲಿ ಬರುವ ಬೊಜ್ಜನ್ನು ತಡೆಯುವುದು ದಂಪತಿಗಳ ಕೈಯಲ್ಲಿಯೇ ಇದೆ. ಮುದ್ದೆ ಅನ್ನಗಳ ಅಳತೆಯನ್ನು ಇಳಿಸಿ, ಬೇಳೆ ಕಾಳು ಸೊಪ್ಪುಗಳನ್ನು ಉಳಿಸಿ, ಸಕ್ಕರೆ ಎಣ್ಣೆಗಳನ್ನು ಅಳೆದು ಬಳಸಿ, ಅಲುಗಿಸಬಹುದಾದ ಅಂಗಗಳನ್ನು ದಿನವೂ ಅಲುಗಿಸಿ. ಮೂವತ್ತು ವರ್ಷ ಮೀರಿದವರಿಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯನ್ನು ಉಚಿತವಾಗಿ ಮಾಡಲಾಗುತ್ತದೆ. ನಿಮ್ಮ ಗ್ರ‍ಾಮದ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಪರೀಕ್ಷೆಯ ದಿನವನ್ನು ತಿಳಿಸುತ್ತಾರೆ. ಪತಿ ಪತ್ನಿಯರಿಬ್ಬರೂ ಒಟ್ಟಿಗೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ. ಕಾಲಿಗೆ ಕಟ್ಟು ಇರುವುದು ಅದಕ್ಕೆ ಅಡ್ಡಿಯಲ್ಲ.